ಗೃಹಪ್ರವೇಶಕ್ಕೆ ಬಂದ ಹಸು, ಸಗಣಿಗೆ ಬಂದ ಅತ್ತೆ

ಗೃಹಪ್ರವೇಶಕ್ಕೆ ನಮ್ಮ ಸೋದರತ್ತೆಯನ್ನು ಕರೆದರೆ ಅವರು ಅಡುಗೆಮನೆ ನೋಡುವುದಿಲ್ಲ, ಬಾಲ್ಕನಿಗೆ ಹೋಗಿ ಆಹಾ ಎನ್ನುವುದಿಲ್ಲ. ನೇರವಾಗಿ ಹೋಗಿ ಪೂಜೆಗೆ ಬಂದ ಹಸುವಿನ ಬಾಲ ಎತ್ತುತ್ತಾರೆ! ಎಲ್ಲರೂ ಗೋಮಾತೆಯ ಹಣೆಗೆ ಕುಂಕುಮ ಹಚ್ಚುತ್ತಿದ್ದರೆ ಇವರ ಗಮನವೆಲ್ಲ ಆ ಕಡೆಗೆ.

ಅತ್ತೆ ಪಶುವೈದ್ಯ ಇಲಾಖೆಯ ಲ್ಯಾಬಿನಲ್ಲಿದ್ದು ರಿಟೈರಾದವರು. ಬಸವೇಶ್ವರನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ. ಜೊತೆಗೆ ತಲೆಯಲ್ಲಿ ಒಂದು ಹುಳ: ಜೋನ್ಸ್ ಕಾಯಿಲೆ ಎಷ್ಟು ಹಸುಗಳಿಗಿದೆ? ಇದು ಕರುಳಿನ ಕಾಯಿಲೆಯಂತೆ. ಕರುವಾಗಿದ್ದಾಗ ಹತ್ತಿ, ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದಂತೆ. ಆಮೇಲೆ ಹಸು ಚೆನ್ನಾಗಿ ಮೇಯುತ್ತಲೇ ಸೊರಗುತ್ತದೆ, ಸಗಣಿ ನೀರಾಗುತ್ತದೆ, ವಾಸಿಯಾಗುವುದಿಲ್ಲ.

“ಸೊರಗಿದ್ದು ಒಂದು ಕಣ್ಣಿಗೆ ಬಿತ್ತು ಅಂದ್ರೆ, ಕಾಣದೇ ಇರೋವು ಎಷ್ಟಿರ್ತಾವೆ ಹೇಳೋ?” ಎಂದು ಮದುವೆ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೇ ಕೇಳುತ್ತಾರೆ. ನನಗೇನು ಗೊತ್ತು? ನಾನು ಬ್ಯಾಂಕಿನವನು!

ಒಮ್ಮೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಸಗಣಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಪಕ್ಕದ ಹೂವಿನಾಕೆ “ಏನ್ ಕಳ್ಕೊಂಡ್ರಮ್ಮಾ? ಓಲೇನಾ?” ಎಂದು ತಾನೂ ಬಗ್ಗಿ ಹುಡುಕಿದಳು. ಅತ್ತೆ ವಿಷಯ ವಿವರಿಸಿದ ಮೇಲೆ ಬುಟ್ಟಿ ಎತ್ತಿಕೊಂಡು ಆಚೆ ಹೋಗಿ ಕೂತಳು.

ಎರಡು ತಿಂಗಳ ಹಿಂದೆ ರಾಜರಾಜೇಶ್ವರಿನಗರದಲ್ಲಿ ನಮ್ಮ ಫ್ಲ್ಯಾಟಿನ ಗೃಹಪ್ರವೇಶ. ಹಸುವನ್ನು ಲಿಫ್ಟಿಗೆ ಹತ್ತಿಸಲು ಅಸೋಸಿಯೇಷನ್ನಿನವರು ಒಪ್ಪದೆ, ಗೋಪೂಜೆ ಪಾರ್ಕಿಂಗಿನಲ್ಲಿ ನಡೆಯಿತು. ಹೆಗ್ಗನಹಳ್ಳಿಯ ಗೌರಮ್ಮ ತಮ್ಮ ತುಂಬು ಗಬ್ಬದ ಹಸುವನ್ನು ಟೆಂಪೋದಲ್ಲಿ ತಂದಿದ್ದರು. ಹಸು ಅಲ್ಲೇ ಸಗಣಿ ಹಾಕಿತು.

“ಶುಭ! ಶುಭ!” ಎಂದರು ಪುರೋಹಿತರು.

“ತೀರಾ ತೆಳ್ಳಗಿದೆ” ಎಂದರು ಅತ್ತೆ, ಪ್ರಸಾದದ ಚಮಚ ಕೈಗೆತ್ತಿಕೊಂಡು!

ಚಮಚ ನಮ್ಮ ಅಡುಗೆಮನೆಗೆ ಮರಳಲಿಲ್ಲ. ಅತ್ತೆಯ ಹಳೆಯ ಲ್ಯಾಬಿನಿಂದ ಫಲಿತಾಂಶ ಮಾತ್ರ ಬಂತು: ಕಾಯಿಲೆ ಇದೆ. ಅತ್ತೆ ಗೆದ್ದವರ ಹಾಗೆ ಬೀಗುತ್ತಾರೆಂದುಕೊಂಡಿದ್ದೆ. ಅವರು ನನ್ನನ್ನು ಕರೆದುಕೊಂಡು ಸೀದಾ ಹೆಗ್ಗನಹಳ್ಳಿಗೆ ಹೊರಟರು.

“ಇವ್ಳನ್ನ ನಾನೇ ಸಾಕಿದ್ದಮ್ಮ. ಎಲ್ಲಿಗೂ ಕಳ್ಸಲ್ಲ” ಎಂದು ಗೌರಮ್ಮ ಅತ್ತರು. “ಹೊಟ್ಟೇಲಿರೋದನ್ನಾದ್ರೂ ಉಳಿಸ್ಕೊಡಿ.”

“ಹಾಗಾದ್ರೆ ಹುಟ್ಟಿದ ತಕ್ಷಣ ದೂರ ಮಾಡ್ಬೇಕು. ತಾಯಿ ನೆಕ್ಕಬಾರದು, ಆ ಹಾಲು ಕುಡೀಬಾರದು.”

“ಅದು ನನ್ ಕೈಲಾಗಲ್ಲಮ್ಮ.”

ಕೊನೆಗೆ ಅತ್ತೆಯೇ ನಿಂತು, ಹುಟ್ಟಿದ ಹೆಣ್ಣುಗರುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದರು. ಆಟೋದಲ್ಲಿ! “ಮೇಡಮ್, ಇದು ಲಗೇಜಾ, ಪ್ಯಾಸೆಂಜರ್ರಾ?” ಎಂದು ಡ್ರೈವರ್ ಕೇಳಿದನಂತೆ. ಪರೀಕ್ಷೆಯಲ್ಲಿ ಪಾಸಾದ ಬೇರೆ ಹಸುವಿನ ಗಿಣ್ಣುಹಾಲು ಮೊದಲೇ ತಂದಿಟ್ಟಿದ್ದರು. ಅತ್ತೆಗೆ ಭಕ್ತಿ ಬಂತೆಂದು ಬೀದಿಯ ಹೆಂಗಸರು ಶುಕ್ರವಾರ ಆರತಿ ತಟ್ಟೆ ಹಿಡಿದು ಬಂದರೆ, “ಚಪ್ಪಲಿ ಗೇಟಿನಾಚೆ! ಕೈಕಾಲು ತೊಳೀರಿ!” ಎಂಬ ಮಂಗಳವಾದ್ಯ.

ಮೊನ್ನೆ ಭಾನುವಾರ ಹೋದರೆ ಒಳಗಿನಿಂದ ದೊಡ್ಡ ಹಸುವಿನ “ಅಂಬಾ” ಕೇಳಿಸಿತು. ನನಗೆ ಗಾಬರಿ. ತಾಯಿಯನ್ನೂ ತಂದುಬಿಟ್ಟರೇ? ಓಡಿಹೋಗಿ ನೋಡಿದೆ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದಾರೆ. ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದು ಕೈಯಲ್ಲಿ ಕರುವಿನ ಕಿವಿಗೆ ಹಿಡಿದ ಮೊಬೈಲು! ಗೌರಮ್ಮ ತಾಯಿಯ ಕೂಗನ್ನು ರೆಕಾರ್ಡ್ ಮಾಡಿ ಕಳಿಸಿದ್ದರು. ಕರು ಕಿವಿ ನಿಮಿರಿಸಿಕೊಂಡು ಕುಡಿಯುತ್ತಿತ್ತು.

“ಇದಕ್ಕೂ ಇದೆಯಾ ಅತ್ತೆ?”

“ಗೊತ್ತಾಗೋಕೆ ಇನ್ನೂ ವರ್ಷಗಳು ಬೇಕು ಕಣೋ. ಎಷ್ಟಕ್ಕಿದೆ, ಎಷ್ಟಕ್ಕಿದೆ ಅಂತ ಜೀವನವೆಲ್ಲ ಲೆಕ್ಕ ಕೇಳಿದೆ. ಆ ಲೆಕ್ಕಕ್ಕೆ ಇದೊಂದು ಸೇರದೇ ಇರಲಿ.”

ಅಷ್ಟರಲ್ಲಿ ಮೊಬೈಲಿನ ಕೂಗು ನಿಂತಿತು. ಕರು ಬಾಟಲಿ ಬಿಟ್ಟು ಗೇಟಿನ ಕಡೆ ತಿರುಗಿತು.

“ದನಿಯಿಂದ ಸೋಂಕು ಹತ್ತಲ್ಲ ಕಣೋ” ಎಂದು ಯಾರೂ ಕೇಳದಿದ್ದರೂ ಹೇಳಿ, ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಮೊಬೈಲು ಒತ್ತಿದರು.