ರೇಡಿಯೋದೊಳಗೆ ನನ್ನ ಊಟ

ಮನುಷ್ಯನಿಗೆ ಕೀರ್ತಿ ಬರುವುದಿದ್ದರೆ ಊಟವಾದ ಮೇಲೆ ಬರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಸಿದವನ ಕೊರಳಿಗೆ ಹಾರ ಹಾಕಿ ನೋಡಿ, ಅವನ ಕಣ್ಣು ಹೂವಿನ ಮೇಲೆ ಇರುವುದಿಲ್ಲ, ಹಾರ ಹಾಕಿದವನ ಬೆನ್ನ ಹಿಂದೆ ಇಟ್ಟಿರುವ ಫರಾಳದ ತಾಟಿನ ಮೇಲೆ ಇರುತ್ತದೆ. ಇದನ್ನು ನಾನು ಯಾವ ಪುಸ್ತಕ ಓದಿ ಹೇಳುತ್ತಿಲ್ಲ. ನನಗೆ ಜೀವಮಾನದಲ್ಲಿ ಒಂದೇ ಒಂದು ಸಲ ಕೀರ್ತಿ ಬಂತು, ಅದೂ ರೇಡಿಯೋದಲ್ಲಿ ಬಂತು, ಬಂದ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಬೆಳಗಿನ ಅರ್ಧ ಭಕ್ಕರಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಹಾಡು, ನಾಟಕ, ಕುಣಿತ ಎಲ್ಲ ಇರುವುದರಿಂದ ರೇಡಿಯೋದಲ್ಲಿ ನಮ್ಮ ದನಿ ಬರುವುದೆಂದರೆ ಏನೆಂದು ಯಾರಿಗೂ ತಿಳಿಸಿ ಹೇಳಲಾಗುವುದಿಲ್ಲ. ಆಗ ರೇಡಿಯೋ ಎಂದರೆ ಮನೆಯ ಹಿರಿಯರಲ್ಲಿ ಒಬ್ಬರಿದ್ದ ಹಾಗೆ. ಅದು ಮಾತಾಡುವಾಗ ಮಕ್ಕಳು ಕೆಮ್ಮಬಾರದು, ಸೊಸೆಯಂದಿರು ಬಳೆ ಸಪ್ಪಳ ಮಾಡಬಾರದು.

ನಮ್ಮದು ಬೋರಗಾಂವ. ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸದ, ಉಣ್ಣದ, ನೆಲದೊಳಗೆ ಬೆಳೆದ ಗಡ್ಡೆ ಗೆಣಸು ಮುಟ್ಟದ ಜೈನರ ಮನೆ. ನಾನು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದೆ. ಕೆಲಸವೇನೂ ಘನಂದಾರಿಯಲ್ಲ, ತಕ್ಕಡಿಯ ಹತ್ತಿರ ನಿಂತು ಪ್ರತಿ ಮೂಟೆಯ ತೂಕವನ್ನು ಆ ತುದಿಯಲ್ಲಿ ಕುಳಿತು ಬರೆಯುವವನಿಗೆ ಕೇಳುವಂತೆ ಕೂಗುವುದು. ನನ್ನ ದನಿ ಹಾಗೆ ಬೆಳೆಯಿತು. ಮನೆಯಲ್ಲಿ ನಾನು ಗುಟ್ಟು ಹೇಳಿದರೆ ಓಣಿಯವರು ಸಲಹೆ ಕೊಡುತ್ತಿದ್ದರು. ಒಮ್ಮೆ ನಮ್ಮ ಮಾಲಕರ ಪರಿಚಯದ ಒಬ್ಬ ಸಾಹೇಬರು ಧಾರವಾಡದಿಂದ ಬಂದಿದ್ದರು. ರೇಡಿಯೋ ನಾಟಕ ಮಾಡಿಸುವವರು. ನನ್ನ ಕೂಗು ಕೇಳಿ ಇವನನ್ನು ಒಂದು ದಿನ ಧಾರವಾಡಕ್ಕೆ ಕಳಿಸಿ ಎಂದರು. ಮೈಕು ಇಲ್ಲದಿದ್ದರೂ ಕೆಲಸ ಸಾಗಬಹುದೆಂದು ಅವರಿಗೆ ಅನ್ನಿಸಿರಬೇಕು.

ನಮ್ಮ ಕಡೆ ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ರೇಡಿಯೋ ಸ್ಟೇಷನ್ನೂ ಒಂದು ಮನೆಯೇ ಅಲ್ಲವೇ ಎಂದು ಹೊಲದ ಕಬ್ಬು ಕಡಿದು ಸಣ್ಣ ತುಂಡು ಮಾಡಿ ಚೀಲದಲ್ಲಿ ತುಂಬಿಕೊಂಡು ಹೋದೆ. ಅಲ್ಲಿ ಗೋಡೆಗೆಲ್ಲ ತೂತು, ನೆಲಕ್ಕೆಲ್ಲ ಜಮಖಾನೆ. ನನ್ನ ಅಂಗಿಯ ತಂಬಾಕಿನ ಧೂಳಿಗೆ ತಾಯಿಯ ಪಾತ್ರ ಮಾಡುವ ಹೆಣ್ಣುಮಗಳು ಅಳುವ ಮಾತಿನ ನಡುವೆ ಸೀನತೊಡಗಿದ್ದರಿಂದ ನನಗೆ ಯಾರದೋ ಬೇರೆ ಅಂಗಿ ತೊಡಿಸಿದರು. ನನ್ನದು ಹೊಟ್ಟೆಬಾಕ ಬೀಗನ ಪಾತ್ರ. ಬೀಗರ ಮನೆಯಲ್ಲಿ ಔತಣಕ್ಕೆ ಕೂತು "ಇನ್ನೊಂದ ತುಂಡ ಹಾಕ್ರಿ" ಎನ್ನಬೇಕು, ಮಟನ್ನಿಗೆ ಖಾರ ಸಾಲದು ಎನ್ನಬೇಕು, ಆಮೇಲೆ ಎಲುಬು ಕಡಿಯುವ ಸಪ್ಪಳ ಮಾಡಬೇಕು. ಆ ಸಪ್ಪಳಕ್ಕೆಂದು ಸಾಹೇಬರು ನನ್ನ ಕೈಗೆ ಒಂದು ಮೂಲಂಗಿ ಕೊಟ್ಟರು. ಮೂಲಂಗಿ ನೆಲದೊಳಗಿನದು, ನಾನು ತಿನ್ನುವುದಿಲ್ಲ ಎಂದೆ. ಬಾಯಲ್ಲಿ ಮಟನ್ ಎನ್ನುತ್ತೀರಿ, ಮೂಲಂಗಿ ಒಲ್ಲೆ ಎನ್ನುತ್ತೀರಿ, ಇದ್ಯಾವ ನ್ಯಾಯ ಎಂದು ಅವರು ಸಿಟ್ಟಾದರು. "ಮಾತು ನಿಮ್ವು ಸಾಹೇಬ್ರ, ಹಲ್ಲು ನನ್ನವು" ಎಂದೆ. ಕೊನೆಗೆ ನನ್ನ ಚೀಲದ ಕಬ್ಬೇ ಕೆಲಸಕ್ಕೆ ಬಂತು. ಹಾಡುಹಗಲು ಮೈಕಿನ ಮುಂದೆ ಕಬ್ಬು ಕಡಿದೆ. ಸಾಹೇಬರು ಕೇಳಿ, ಇಂಥ ಎಲುಬು ನಮ್ಮ ಸ್ಟೇಷನ್ನಿನಲ್ಲಿ ಈತನಕ ಯಾರೂ ಕಡಿದಿಲ್ಲ ಎಂದು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ಏನು ಹೇಳಿದೆ ಎಂಬುದನ್ನು ಮರೆತು ಹೇಗೆ ಹೇಳಿದೆ ಎಂಬುದನ್ನಷ್ಟೇ ತಲೆಯಲ್ಲಿ ತುಂಬಿಕೊಂಡು ಊರಿಗೆ ಬಂದೆ.

ಅದೇ ಹೊತ್ತಿಗೆ ಪಾಲಬಾವಿಯ ಭರಮಗೌಡರ ಮಗಳು ಸುಮತಿಯ ಜೊತೆ ನನ್ನ ಮದುವೆ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಬಂದಿದ್ದೆ. ನೋಡಿ ಬಂದ ಮೇಲೆ ವಖಾರಿಯಲ್ಲಿ ತೂಕ ತಪ್ಪಿ ಕೂಗುತ್ತಿದ್ದೆ. ನಿಶ್ಚಿತಾರ್ಥವೊಂದು ಬಾಕಿ, ನಮ್ಮ ಕಡೆ ಅದಕ್ಕೆ ಸಾಖರಪುಡಾ ಎನ್ನುತ್ತಾರೆ. ಭರಮಗೌಡರು ನೇಮ ನಿಷ್ಠೆಯ ಮನುಷ್ಯರು. ಅವರ ಮನೆಯಲ್ಲಿ ದೊಡ್ಡ ಪೆಟ್ಟಿಗೆಯಂಥ ರೇಡಿಯೋ ಇತ್ತು, ಅದಕ್ಕೆ ಸುಮತಿ ಕಸೂತಿ ಹಾಕಿದ ಕವರು ಇತ್ತು. ಧಾರವಾಡದವರು ಒಂದು ವಾರ ದಿನಾಲೂ ಸಂಜೆ ಸಂಗೀತ, ನಾಟಕಗಳ ಸಪ್ತಾಹ ಇಟ್ಟುಕೊಂಡಿದ್ದಾರೆ, ಕೊನೆಯ ದಿನದ ನಾಟಕದಲ್ಲಿ ನಾನಿದ್ದೇನೆ ಎಂದು ನಾನೇ ಹೇಳಿ ಕಳಿಸಿದೆ. ಯಾವ ಪಾತ್ರ ಎಂದು ಕೇಳಿದ್ದಕ್ಕೆ ಬೀಗನ ಪಾತ್ರ ಎಂದೆ. ಭರಮಗೌಡರು ಇದು ಶುಭಶಕುನ ಎಂದು ಸಂತೋಷಪಟ್ಟು, ಆ ದಿನ ನಮ್ಮ ಮನೆಗೇ ಬಂದು ನಾಟಕ ಕೇಳಿ ಎಂದು ಕರೆದರು.

ಆ ವಾರ ಪಾಲಬಾವಿಯಲ್ಲಿ ನಡೆದದ್ದನ್ನೆಲ್ಲ ಆಮೇಲೆ ಸುಮತಿಯೇ ಹೇಳಿದ್ದು. ಬೀಗರ ಹುಡುಗ ಬರುವ ರೇಡಿಯೋ ಎಂದು ಮೊದಲ ದಿನದಿಂದಲೇ ಪಡಸಾಲೆ ತುಂಬಿತಂತೆ. ಒಂದು ದಿನ ಯಾರೋ ದೊಡ್ಡವರು ವೀಣೆ ನುಡಿಸಿದರು. ಮಂದಿ ಶ್ರುತಿ ಮಾಡುತ್ತಿದ್ದಾರೆ ಎಂದು ತಾಳ್ಮೆಯಿಂದ ಕಾದು ಕೂತರು. ಮುಗಿಯಿತು ಎಂದಾಗ, ಪಾಪ, ತಂತಿ ಜಮಾಯಿಸಲೇ ಇಲ್ಲ ಎಂದು ಎದ್ದು ಹೋದರು. ಇನ್ನು ಭರಮಗೌಡರ ತಾಯಿ, ಮನೆಯವರೆಲ್ಲ ಆಯಿ ಎನ್ನುವ ಮುದುಕಿ, ಇಚಲಕರಂಜಿ ಕಡೆಯ ಹೆಣ್ಣುಮಗಳು. ಅವಳಿಗೆ ಸಾಂಗ್ಲಿಯ ಮರಾಠಿ ಹಾಡು, ಮರಾಠಿ ನಾಟಕ ಬೇಕು. ಮಗನಿಗೆ ಧಾರವಾಡ ಬೇಕು. ಅರ್ಧ ತಾಸು ತಾಯಿಗೆ, ಅರ್ಧ ತಾಸು ಮಗನಿಗೆ ಎಂದು ಮುಳ್ಳು ತಿರುಗಿಸುವ ಕರಾರು ಆಗಿತ್ತು. ಆಯಿ ಎರಡನ್ನೂ ಕೇಳಿ ಒಂದೇ ಕಥೆ ಮಾಡಿಕೊಳ್ಳುತ್ತಿದ್ದಳು. ಮರಾಠಿಯಲ್ಲಿ ಮನೆ ಬಿಟ್ಟು ಹೋದ ಮಗ ಕನ್ನಡದಲ್ಲಿ ಬಂದು ತಾಯಿಯ ಕಾಲು ಹಿಡಿಯುತ್ತಿದ್ದ. ಓಣಿಯ ಹೆಂಗಸರೆಲ್ಲ ಮರುದಿನ ಆಯಿಯ ಕಥೆಯನ್ನೇ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಯ ದಿನ ನಾನು, ನಮ್ಮ ಪಾಯಗೊಂಡ ಕಾಕಾ ನಿಪ್ಪಾಣಿಯಿಂದ ಹೊರಟೆವು. ಬಸ್ಸು ಚಿಕ್ಕೋಡಿಯಲ್ಲಿ ಒಂದು ಸಲ, ರಾಯಬಾಗದ ದಾರಿಯಲ್ಲಿ ಇನ್ನೊಂದು ಸಲ ಕೆಟ್ಟು ನಿಂತಿತು. ಕಾಕಾ ದಾರಿಯಲ್ಲೇ ಏನಾದರೂ ತಿನ್ನೋಣ ಎಂದ. ಬೀಗರ ಮನೆಯಲ್ಲಿ ಹೋಳಿಗೆ ಮಾಡಿರುತ್ತಾರೆ, ಹೊಟ್ಟೆಯಲ್ಲಿ ಜಾಗ ಇರಲಿ ಎಂದೆ. ನಾವು ಪಾಲಬಾವಿಯಲ್ಲಿ ಇಳಿದಾಗ ಸೂರ್ಯ ನಮಗಿಂತ ಮುಂಚೆ ಇಳಿದು ಹೋಗಿದ್ದ. ಸುಮತಿಯ ತಾಯಿ ಬಹಳ ಪೇಚಾಡಿದರು. ಹೋಳಿಗೆ ಮಾಡಿದ್ದೂ ನಿಜ, ತುಪ್ಪ ಕಾಸಿದ್ದೂ ನಿಜ, ಆದರೆ ಹೊತ್ತು ಮುಳುಗಿತ್ತು. ನಮ್ಮದೂ ಅದೇ ನೇಮ, ಚಿಂತೆ ಮಾಡಬೇಡಿ ಎಂದು ಹೇಳಿ ನಕ್ಕೆ. ಆ ನಗು ನನ್ನ ಜೀವನದ ನಿಜವಾದ ನಟನೆ.

ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ನನಗೆ ರೇಡಿಯೋದ ಪಕ್ಕದಲ್ಲೇ ಗಾದಿ. ಮೊದಲು ಆಯಿಯ ಪಾಳಿ, ಮರಾಠಿ ಹಾಡು. ಹಾಡು ಮುಗಿಯಲಿ ಎಂದು ಆಯಿ ಹಟ ಹಿಡಿದದ್ದರಿಂದ ಧಾರವಾಡಕ್ಕೆ ಬರುವುದು ತಡವಾಯಿತು. ನಾಟಕದ ಹೆಸರು, ಪಾತ್ರದ ಪರಿಚಯ ಎಲ್ಲ ಮುಗಿದುಹೋಗಿತ್ತು. ಭರಮಗೌಡರು ಮುಳ್ಳು ತಿರುಗಿಸಿದರು, ಸರ್ ಸರ್ ಎಂದಿತು, ತಕ್ಷಣ ನನ್ನ ದನಿ ಇಡೀ ಪಡಸಾಲೆಗೆ ಅಪ್ಪಳಿಸಿತು: "ಇನ್ನೊಂದ ತುಂಡ ಹಾಕ್ರಿ!" ನನ್ನದೇ ದನಿ ಎಂದು ಮೈ ಜುಮ್ ಎಂದಿತು. ಎಲ್ಲರೂ ಮೆಚ್ಚಿ ತಲೆದೂಗಿದರು. ಮರುಕ್ಷಣ ಮಟನ್ನಿಗೆ ಖಾರ ಸಾಲದು ಎಂದೆ. ದೂಗುತ್ತಿದ್ದ ತಲೆಗಳು ನಿಂತವು. ಆಮೇಲೆ ಎಲುಬು. ಕಟ್, ಕಟ್, ಕಟಕ್! ಆಯಿ ರೇಡಿಯೋ ನೋಡಿದಳು, ನನ್ನನ್ನು ನೋಡಿದಳು, "ಅಗಬಾಯಿ" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ರೇಡಿಯೋದೊಳಗಿನ ನಾನು ತೃಪ್ತಿಯಿಂದ ತೇಗಿದೆ. ಹೊರಗಿನ ನಾನು ಬೆಳಗಿನಿಂದ ಉಪವಾಸ ಕೂತಿದ್ದೆ.

ಭರಮಗೌಡರು ಎದ್ದು ರೇಡಿಯೋ ಬಂದ್ ಮಾಡಿ ಕವರು ಹೊದಿಸಿದರು. ಇದು ನಾಟಕ, ಬರೆದುಕೊಟ್ಟದ್ದನ್ನು ಹೇಳಿದ್ದೇನೆ ಎಂದು ನಾನು ತೊದಲಿದೆ. ಗೌಡರು ದಡ್ಡರಲ್ಲ. ನಾಟಕವೆಂದು ತಮಗೂ ಗೊತ್ತು ಎಂದು ಶಾಂತವಾಗಿ ಹೇಳಿ, ಆಮೇಲೆ ಕೇಳಿದರು:

"ಮಾತು ಯಾರರೆ ಬರದ ಕೊಡ್ತಾರ, ಖರೆ. ಎಲುಬ ಕಡಿಯೂ ಸಪ್ಪಳಾ ಯಾರ ಬರದ ಕೊಟ್ರು? ಅದನ್ನ ಎಲ್ಲಿ ಕಲತ್ರಿ?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಆದರೆ ನನಗಿಂತ ಮುಂಚೆ ಕಾಕಾ ಬಾಯಿ ಹಾಕಿದ. ಹುಡುಗ ಮನೆಯಲ್ಲಿ ಉಳ್ಳಾಗಡ್ಡಿ ಸಹ ಮುಟ್ಟುವುದಿಲ್ಲ ಎಂದ. "ಮನ್ಯಾಗ?" ಎಂದರು ಗೌಡರು. "ಹೌದ್ರಿ, ಮನ್ಯಾಗಂತೂ ಮುಟ್ಟಾಂಗಿಲ್ರಿ" ಎಂದು ಕಾಕಾ ಇನ್ನಷ್ಟು ಒತ್ತಿ ಹೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ಸುಮತಿ ಅಲ್ಲಿ ನಿಂತು ಕೇಳುತ್ತಿದ್ದಾಳೆಂದು ತಿಳಿದು ನನಗೆ ಅಳುವೇ ಬಂದುಬಿಟ್ಟಿತು. ಒಂದು ಕಬ್ಬಿನ ತುಂಡಿನಿಂದ ಇಂಥ ಹುಡುಗಿ ಕೈಬಿಟ್ಟು ಹೋಗುತ್ತಾಳಲ್ಲ! ನಾನು ವಖಾರಿಯ ದನಿಯಲ್ಲಿ "ಕಬ್ಬ್ರಿ! ಕಬ್ಬ ಕಡದೇನ್ರಿ ನಾ!" ಎಂದು ಕೂಗಿ, ಧಾರವಾಡದಲ್ಲಿ ನಡೆದದ್ದನ್ನು ಮೂಲಂಗಿ ಸಮೇತ ಹೇಳಿದೆ. ಹಾಗಾದರೆ ಕಡಿದು ತೋರಿಸಿ ಎಂದು ಯಾರೋ ಹಿರಿಯರು ಅಂದರು. ಈಗ ಹೊತ್ತು ಮುಳುಗಿದೆ, ಬಾಯಿಗೆ ಏನೂ ಹಾಕುವಂತಿಲ್ಲ, ಬೆಳಿಗ್ಗೆ ನೋಡೋಣ ಎಂದು ಗೌಡರು ಎದ್ದರು. ನಾನು, ಕಾಕಾ ಅದೇ ಪಡಸಾಲೆಯಲ್ಲಿ ಅಡ್ಡಾದೆವು. ಕಾಕಾ ಗೊರಕೆ ಹೊಡೆದ. ನನಗೆ ಹೊಟ್ಟೆಯೊಳಗಿನ ಗದ್ದಲಕ್ಕೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಸೂರ್ಯ ಮೇಲೆ ಬಂದು, ಎಲ್ಲರೂ ಬಸದಿಗೆ ಹೋಗಿ ಬಂದ ಮೇಲೆ ಪರೀಕ್ಷೆ. ಮುಖ ನೋಡಿ ಕೇಳಿದರೆ ನ್ಯಾಯವಾಗುವುದಿಲ್ಲ, ರೇಡಿಯೋದಲ್ಲಿ ಹೇಗೋ ಹಾಗೆ ಮರೆಯಲ್ಲೇ ಕೂತು ಕಡಿಯಬೇಕು ಎಂದು ತೀರ್ಮಾನವಾಗಿತ್ತು. ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಹೊರಗೆ ಹಿರಿಯರೆಲ್ಲ, ರೂಢಿಯಂತೆ, ಬಂದ್ ಆಗಿದ್ದ ರೇಡಿಯೋದ ಕಡೆಗೇ ಮುಖ ಮಾಡಿ ಕೂತರು. ಅಡುಗೆಮನೆಯ ಕಡೆಯಿಂದ ಸುಮತಿ ಕಬ್ಬಿನ ತುಂಡುಗಳ ಬುಟ್ಟಿ ತಂದಿಟ್ಟಳು. ತಲೆ ಎತ್ತದೆ, ತುಟಿ ಅಲುಗಿಸದೆ, "ಗಂಟಿನ ಮ್ಯಾಲ ಕಡೀರಿ, ಸಪ್ಪಳಾ ಚಲೋ ಬರತೈತಿ" ಎಂದು ಹೇಳಿ ಹೋದಳು. ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ಇನ್ನೇನು ಬೇಕು? ಹಸಿವು ಒಂದು ಕಡೆ, ಪ್ರೀತಿ ಒಂದು ಕಡೆ. ಗಂಟಿಗೇ ಬಾಯಿ ಹಾಕಿದೆ. ಹೊರಗೆ ಆಯಿ, "ಆವಾಜ ಜರಾ ದೊಡ್ಡದ ಮಾಡೋ ಭರಮು" ಎಂದಳು. ಗೌಡರು ಮರೆತು ಎದ್ದು ರೇಡಿಯೋದ ಕಿವಿ ಹಿಂಡಿದರು ಎಂದು ಕಾಕಾ ಆಮೇಲೆ ಹೇಳಿದ. ನಾನು ಎರಡನೆಯ ಗಂಟು, ಮೂರನೆಯ ಗಂಟು ಎಂದು ಬುಟ್ಟಿ ಖಾಲಿ ಮಾಡುತ್ತ ಹೋದೆ. ಒಂದು ಗಂಟಿಗೆ ಮುಂದಿನ ಹಲ್ಲಿನ ಚೂರು ಹಾರಿತು. ಆ ಸಪ್ಪಳಕ್ಕೆ ಪಡಸಾಲೆಯಿಂದ ವಾಹ್ವಾ ಬಂತು. ಕೊನೆಗೆ ಗೌಡರೇ ಬಾಗಿಲು ತೆರೆದು, ಸಾಕು ಮಾಡಿ, ಹೋಳಿಗೆಗೂ ಜಾಗ ಇರಲಿ ಎಂದರು. ಮುಂದಿನ ವಾರವೇ ಸಾಖರಪುಡಾ ಆಯಿತು.

ನನ್ನ ಹಲ್ಲಿನ ಬಲದಿಂದ ಹೆಂಡತಿಯನ್ನು ಗೆದ್ದೆ ಎಂದು ನಾನು ವರ್ಷಾನುಗಟ್ಟಲೆ ಮಂದಿಯ ಮುಂದೆ ಹೇಳಿಕೊಂಡು ಬಂದೆ. ಮೊನ್ನೆ ಮನೆಗೆ ಬಂದವರ ಎದುರು ಮತ್ತೆ ಅದನ್ನೇ ಶುರು ಮಾಡಿದಾಗ ಸುಮತಿ ಹತ್ತಿ ಬಿಡಿಸುತ್ತ ಕೂತವಳು ನಕ್ಕುಬಿಟ್ಟಳು. ಅವರಪ್ಪ ಆ ರಾತ್ರಿಯೇ ಒಪ್ಪಿದ್ದನಂತೆ. ನನ್ನ ಹೊಟ್ಟೆಯ ಗುರುಗುರು ಸಪ್ಪಳ ಒಳಕೋಣೆಯ ತನಕ ಕೇಳುತ್ತಿತ್ತಂತೆ. ಇಷ್ಟು ಹಸಿದೂ ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರು ಕೇಳದವನು ಎಲುಬು ಕಡಿಯುವವನಲ್ಲ ಎಂದು ಆಗಲೇ ಹೇಳಿ ಮಲಗಿದ್ದನಂತೆ.

ನಾನು ದಂಗಾದೆ. ಹಾಗಾದರೆ ಬೆಳಿಗ್ಗೆ ಅಷ್ಟು ಕಬ್ಬು ಏಕೆ ಕಡಿಸಿದರು ಎಂದು ಕೇಳಿದೆ.

"ಸಿಟ್ಟಿಲೆ ಅಪ್ಪಾ ನಾಟಕಾ ಅರ್ಧಕ್ಕ ಬಂದ್ ಮಾಡಿದ್ದಾ ನೋಡ್ರಿ. ಏಳ ದಿನಾ ಕೇಳಿದ ಮಂದಿ, ಕಡೀ ದಿನದ್ದ ಬಿಟ್ಟ ಹೆಂಗ ಹೋಗಬೇಕ ಅಂತ ಹಟಾ ಹಿಡದ್ರು."

"ಮತ್ತ ನೀ ಗಂಟಿನ ಮ್ಯಾಲ ಕಡೀರಿ ಅಂದದ್ದು?"

ಅವಳು ಹತ್ತಿಯಿಂದ ತಲೆ ಎತ್ತಲಿಲ್ಲ.

"ಆಯಿಗೆ ಕಿವಿ ಮಂದ ಇದ್ವಲ್ರಿ" ಎಂದಳು. "ಅಕೀಗೂ ಕೇಳಬೇಕಲ್ಲ."