ಆರು ಗಂಟೆಯೊಳಗೆ ಟಿಟ್ವಾಳಾ

ಪಕ್ಕದ ಮನೆಯ ಕಿಟ್ಟಣ್ಣನಿಗೆ ಅಷ್ಟಿಷ್ಟು ಇಂಗ್ಲಿಷ್ ಓದಲು ಬರುತ್ತಿರದಿದ್ದರೆ, ಎಂಬತ್ತಮೂರರ ಆ ಶನಿವಾರ ಗುರುಪಾದಪ್ಪ ಅರ್ಧ ದಿನದ ಕೆಲಸ ಮುಗಿಸಿ ಬಂದು ಹಾಯಾಗಿ ಮಲಗಿರುತ್ತಿದ್ದ.

ಗದಗ ಕಡೆಯ ಗುರುಪಾದಪ್ಪ ರಬಾಳೆಯ ಕಾರಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಉಡುಪಿ ಕಡೆಯ ಕಿಟ್ಟಣ್ಣ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಡೊಂಬಿವಲಿಯ ಒಂದೇ ಚಾಳಿನಲ್ಲಿದ್ದ ಇಬ್ಬರೂ ಟಿಟ್ವಾಳಾದಲ್ಲಿ ಏಳುತ್ತಿದ್ದ ಒಂದೇ ಕಟ್ಟಡದಲ್ಲಿ ಒಂದೊಂದು ಫ್ಲ್ಯಾಟ್ ಹಿಡಿದಿದ್ದರು. ಸ್ಟ್ಯಾಂಪ್ ಕಾಗದದ ಮೇಲೆ ಒತ್ತೊತ್ತಾಗಿ ಟೈಪಾಗಿದ್ದ ಇಂಗ್ಲಿಷ್ ಕರಾರುಪತ್ರವೆಂದರೆ ಗುರುಪಾದಪ್ಪನಿಗೆ ಅಪಾರ ಭಕ್ತಿ. ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಕೈಮುಗಿಯುತ್ತಿದ್ದ. ಯಾರಿಂದಲೂ ಓದಿಸಿರಲಿಲ್ಲ.

ಅಂದು ಮಧ್ಯಾಹ್ನ ಕಿಟ್ಟಣ್ಣ ತನ್ನ ಪ್ರತಿ ಹಿಡಿದು ಬಂದ. "ಇದರಲ್ಲೊಂದು ಕಲಮು ಉಂಟು ಗುರುಪಾದಪ್ಪನವರೇ. ಇವತ್ತು ಸಂಜೆ ಆರರೊಳಗೆ ಮನೆ ತಾಬಾಕ್ಕೆ, ಅಂದ್ರೆ ನಮ್ಮ ಕೈಗೆ, ಬಾರದಿದ್ರೆ ಫಸ್ಟ್ ಪಾರ್ಟಿ ದಿನಕ್ಕೆ ಹದಿನೈದು ರೂಪಾಯಿ ದಂಡ ಕಟ್ಟಬೇಕಂತೆ."

"ಫಸ್ಟ್ ಪಾರ್ಟಿ ಅಂದ್ರ ಯಾರ್ರೀ?"

"ಎಂತ ಕೇಳ್ತೀರಿ ಮಾರಾಯ್ರೇ. ಮೊದಲು ದುಡ್ಡು ಕೊಟ್ಟದ್ದು ಯಾರು? ನಾವು. ಮತ್ತೆ ಫಸ್ಟ್ ಪಾರ್ಟಿ ನಾವಲ್ಲದೆ ಇನ್ಯಾರು?"

ಆ ತರ್ಕದ ಮುಂದೆ ಗುರುಪಾದಪ್ಪ ಬೆರಗಾಗಿ ನಿಂತ. ಹದಿನೈದೆಂದರೆ ಅವನ ಒಂದು ದಿನದ ಪಗಾರದ ಮುಕ್ಕಾಲು ಪಾಲು. ಅಂಗಿ ತೊಟ್ಟುಕೊಳ್ಳುತ್ತಲೇ ಹೊರಟ. ಹೆಂಡತಿ ಕಲ್ಲವ್ವ ಬಾಗಿಲಿಗೆ ಅಡ್ಡ ಬಂದಳು.

"ಹೊಸ ಮನಿಗೆ ಬರಿಗೈಲೆ ಹೋಗ್ತಾರೇನ್ರೀ? ಹಾಲು ಉಕ್ಕಿಸಿ ಬರ್ರಿ."

ಹಾಲಿನ ತಂಬಿಗೆ ಗಂಡನ ಕೈಗೆ, ಸ್ಟೋವು ಕಿಟ್ಟಣ್ಣನ ಕೈಗೆ ಬಂತು.

ಶನಿವಾರದ ಲೋಕಲ್ ರೈಲು ಹಿಟ್ಟು ಗಿಡಿದ ಡಬ್ಬಿಯ ಹಾಗೆ ತುಂಬಿತ್ತು. ಇವರು ಹತ್ತುವ ಕಷ್ಟವೇ ಬೀಳಲಿಲ್ಲ, ಹಿಂದಿನವರೇ ಹತ್ತಿಸಿದರು. ಠಾಕುರ್ಲಿ ದಾಟುವಷ್ಟರಲ್ಲಿ ಅರ್ಧ ಹಾಲು ಮುಂದೆ ನಿಂತಿದ್ದ ಮಾಸ್ತರರೊಬ್ಬರ ಕತ್ತಿಗೆ ಅಭಿಷೇಕವಾಗಿತ್ತು. ಪಾಪ, ತಿರುಗಿ ಬೈಯಲು ಅವರಿಗೆ ಜಾಗವಿರಲಿಲ್ಲ.

ಕಲ್ಯಾಣದಲ್ಲಿ ಗಾಡಿ ಬದಲಿಸಬೇಕು. ಸ್ಟೇಶನ್ನಿನ ಸೇತುವೆಯ ಮೇಲೆ ಪೊಲೀಸಿನವನೊಬ್ಬ ಸ್ಟೋವು ನೋಡಿ, ಇದರಲ್ಲಿ ಸೀಮೆಎಣ್ಣೆ ಇದೆಯೇ ಎಂದು ಕೇಳಿದ. ಕಿಟ್ಟಣ್ಣ ಪ್ರಾಮಾಣಿಕ ಮನುಷ್ಯ. "ಫುಲ್ ಹೈ ಸಾಬ್," ಎಂದು ಅಲ್ಲಾಡಿಸಿಯೂ ತೋರಿಸಿದ. ಪೊಲೀಸಿನವನು ಅವನ ತೋಳು ಹಿಡಿದ. ಕೆಳಗೆ ಟಿಟ್ವಾಳಾ ಕಡೆಯ ಗಾಡಿ ಹಾರ್ನ್ ಹೊಡೆಯಿತು.

"ನೀವು ಹೋಗಿ ಮಾರಾಯ್ರೇ," ಎಂದ ಕಿಟ್ಟಣ್ಣ, ಮುಳುಗುವ ದೋಣಿಯಲ್ಲಿ ನಿಂತವನಂತೆ. "ಒಬ್ಬರಾದರೂ ಬಚಾವಾಗಲಿ."

ಗುರುಪಾದಪ್ಪ ಕಣ್ಣೊರೆಸಿಕೊಂಡು ಓಡಿದ.

ಟಿಟ್ವಾಳಾದಲ್ಲಿ ಟಾಂಗಾ ಇಳಿದಾಗ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾಲ್ಕು ಮಾಳಿಗೆಯ ಕಟ್ಟಡ ಸಂಜೆಯ ಬಿಸಿಲಿಗೆ ಕೆಂಪಾಗಿ ನಿಂತಿತ್ತು. ಕತ್ತು ನೋಯುವವರೆಗೂ ಅದನ್ನೇ ನೋಡಿದ. ಬಿಲ್ಡರನ ಗುಮಾಸ್ತ ಧರ್ಮಪಾಲ ಮಂಗಳೂರಿನವನು. ತಾನೇ ಮುಂದೆ ನಿಂತು ಮೂರನೆಯ ಮಾಳಿಗೆಗೆ ಕರೆದೊಯ್ದ. ಫ್ಲ್ಯಾಟಿಗೆ ಬಾಗಿಲಿರಲಿಲ್ಲ, ನಲ್ಲಿಯಿರಲಿಲ್ಲ. ಕಿಟಕಿ ಬರಬೇಕಾದ ಕಡೆ ದೊಡ್ಡದೊಂದು ಕಂಡಿಯಿತ್ತು. ಅದರಾಚೆ ಹೊಲಗಳು, ಹೊಳೆಯುತ್ತ ಮಲಗಿದ ನದಿ, ಅಷ್ಟರ ಮೇಲೂ ಮುಗಿಯದ ಆಕಾಶ. ಚಾಳಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಸೀರೆಯ ಅಂಚಿನಷ್ಟಗಲದ ಆಕಾಶ.

"ಇದೆಲ್ಲಾ ನಂದೇನ್ರೀ?" ಎಂದ ಪಿಸುದನಿಯಲ್ಲಿ.

"ನಿಮ್ಮದೇ. ಇಲ್ಲೊಂದು ಸೈನ್ ಹಾಕಿ."

ಹಾಕಿದ. ಧರ್ಮಪಾಲ ನಿಟ್ಟುಸಿರು ಬಿಟ್ಟು ಅವನ ಕೈಯಲ್ಲಿ ಕೀಲಿಕೈ ಇಟ್ಟ. "ದೊಡ್ಡ ಉಪಕಾರ ಆಯ್ತು. ನಮ್ಮ ಸೇಠರಿಗೆ ದಂಡ ತಪ್ಪಿಸಿದ್ರಿ."

"ಸೇಠರಿಗೆ? ಫಸ್ಟ್ ಪಾರ್ಟಿ ನಾನಲ್ಲೇನ್ರೀ?"

"ನೀವು ಸೆಕೆಂಡ್ ಪಾರ್ಟಿ. ಹೇಳಿದ ದಿನಕ್ಕೆ ಮನೆ ಮುಗಿಸಿ ಕೊಡದಿದ್ರೆ ಸೇಠರು ನಿಮಗೆ ದಿನಾ ಹದಿನೈದು ಕೊಡಬೇಕಿತ್ತು. ಪೂರ್ತಿ ಮುಗಿದ ಮನೆ ಸಿಕ್ಕಿತು ಅಂತ ನೀವೇ ಸೈನ್ ಹಾಕಿದ್ರಲ್ಲ, ಇನ್ನೆಂತ ದಂಡ?" ಅವನು ಕಂಡಿಯಿಂದ ರಸ್ತೆಯತ್ತ ಇಣುಕಿದ. "ಆ ಕಿಟ್ಟಣ್ಣ ಎಲ್ಲಿ? ಅವರೂ ಇವತ್ತೇ ಬಂದಿದ್ರೆ ಒಳ್ಳೆಯದಿತ್ತು."

ಕತ್ತಲಾದ ಮೇಲೆ ಗುರುಪಾದಪ್ಪ ಚಾಳಿಗೆ ಮರಳಿದ. ಕಿಟ್ಟಣ್ಣ ಸ್ಟೋವನ್ನು ಮಗ್ಗುಲಲ್ಲಿಟ್ಟುಕೊಂಡು, ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತಿದ್ದ.

"ನನ್ನ ಕತೆ ಮುಗೀತು ಮಾರಾಯ್ರೇ. ಪೊಲೀಸು ಬಿಡುವಾಗ ಏಳು ಗಂಟೆ. ನಾಳೆಯಿಂದ ದಿನಕ್ಕೆ ಹದಿನೈದು ರೂಪಾಯಿ. ನೀವು ಪುಣ್ಯವಂತರು."

ಗುರುಪಾದಪ್ಪ ಅವನನ್ನೇ ನೋಡುತ್ತ ನಿಂತ. ಇಷ್ಟು ದೊಡ್ಡ ದೈವವಂತನನ್ನು ಅವನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ಹದಿನೈದು ಖರೇ ಅದ ಕಿಟ್ಟಣ್ಣಾರ," ಎಂದ. "ಆದರ ಅದು ನೀವು ಕೊಡೂದಲ್ಲ. ನಿಮಗ ಬರೂದು."

ವಿಷಯವೆಲ್ಲ ಕೇಳಿ ಕಿಟ್ಟಣ್ಣ ತಲೆಯ ಮೇಲಿನ ಕೈ ಇಳಿಸಿದ. ಆಮೇಲೆ ಮೆಲ್ಲಗೆ ಕೇಳಿದ:

"ಹಾಗಾದ್ರೆ ನಿಮಗೆಂತ ಸಿಕ್ಕಿತು?"

"ನನಗ ಕೀಲಿಕೈ ಕೊಟ್ಟಾರ್ರಿ," ಎಂದ ಗುರುಪಾದಪ್ಪ. "ಬಾಗಿಲಾ ಯಾವಾಗ ಕೂಡಸ್ತಾರೋ ಗೊತ್ತಿಲ್ಲ."