ಕತ್ತೆಯ ವಾಚು, ಕಾಗೆಯ ಜೇಬು

ತಮಾಷೆ ಮಾಡಬೇಕೆಂದು ಹೊರಟವರಿಗೆ ತಮಾಷೆ ಸಿಗುವುದಿಲ್ಲ. ನಾನು ಮಾತ್ರ ಯಾವ ಕೆಲಸವನ್ನು ತೀರಾ ಗಂಭೀರವಾಗಿ ಕೈಗೆತ್ತಿಕೊಂಡರೂ ಅದು ತಪ್ಪದೆ ತಮಾಷೆಯಲ್ಲೇ ಮುಗಿಯುತ್ತದೆ. ಮಸ್ಕತ್ತಿನ ಒಂದು ಕಂಪನಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ತಪ್ಪು ಹುಡುಕುವುದೇ ಉದ್ಯೋಗ. ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸುತ್ತೇನೆ, ಅದೂ ಸಂಬಳವಿಲ್ಲದೆ, ಎನ್ನುವುದು ಹೆಂಡತಿಯ ದೂರು. ಈ ಸಲ ನಾನು ಕೈಗೆತ್ತಿಕೊಂಡದ್ದು, ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ನೋಡಿದ ಒಂದು ಬೊಂಬೆಯಾಟವನ್ನು.

ಕತ್ತೆಯ ವಾಚು

ಉಡುಪಿಯ ನಮ್ಮ ಬೀದಿಗೆಲ್ಲ ಆಗ ಒಂದೇ ಟಿ.ವಿ., ಪಕ್ಕದ ಮನೆಯದ್ದು. ಆದಿತ್ಯವಾರ ಸಂಜೆ ಮಕ್ಕಳೆಲ್ಲ ಅಲ್ಲಿ ನೆಲದ ಮೇಲೆ ಹಾಜರು. ಮಾಡಿನ ಮೇಲೆ ಒಬ್ಬರು ಆಂಟೆನಾ ತಿರುಗಿಸಿ "ಬಂತಾ?" ಎನ್ನುವುದು, ನಾವು ಕೆಳಗಿನಿಂದ "ಬಂತು, ಬಂತು… ಹೋಯ್ತು!" ಎನ್ನುವುದು. ಬಂದಾಗ ಕಾಣಿಸುತ್ತಿದ್ದದ್ದು ಎರಡು ಕೈಗೊಂಬೆ. ಒಂದು ಕತ್ತೆ, ಒಂದು ಕಾಗೆ. ಕತ್ತೆ ಪ್ರಶ್ನೆ ಕೇಳುತ್ತಿತ್ತು, ಕಾಗೆ ತುಂಬಾ ಯೋಚಿಸಿ ತಪ್ಪು ಉತ್ತರ ಕೊಡುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಮ್ಮೆ ಕತ್ತೆಯ ಬಟ್ಟೆ ಜಾರಿ ಒಳಗಿನ ವಾಚು ಕಂಡಿತು. "ಕತ್ತೆ ವಾಚು ಕಟ್ಟಿದೆ!" ಎಂದು ಎಲ್ಲರಿಗೂ ಸಂಭ್ರಮ. ನಾನೊಬ್ಬ ಎದ್ದು ನಿಂತೆ. "ಅದು ಕತ್ತೆ ಅಲ್ಲ. ಒಳಗೆ ಮನುಷ್ಯನ ಕೈ ಇದೆ." ಸಣ್ಣ ಮಕ್ಕಳು ಅಳಲು ಶುರು ಮಾಡಿದವು. ಬೀದಿಯಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದವನು ನಾನೊಬ್ಬನೇ. ಆ ಮನೆಯ ಅಜ್ಜಿ ಬಾಗಿಲು ತೋರಿಸಿದರು: "ಏ ಕಾನ್ವೆಂಟು, ಹೊರಗೆ ನಡಿ."

ಮುಂದಿನ ವಾರ ಹೋದಾಗ ಅಜ್ಜಿ ಬಾಗಿಲಲ್ಲೇ ತಡೆದರು.

"ಅದು ಎಂತ?"

"ಕತ್ತೆ, ಅಜ್ಜಿ."

"ವಾಚು ಯಾರದ್ದು?"

"ಕತ್ತೆಯದ್ದೇ, ಅಜ್ಜಿ."

"ಹಾಂ. ಕಾಲು ತೊಳೆದು ಒಳಗೆ ಬಾ."

ಕಾಗೆ ಯೋಚಿಸುತ್ತಿದೆ

ಈಗ ನಾವಿರುವುದು ಮಸ್ಕತ್ತಿನ ಸೀಬ್‌ನಲ್ಲಿ. ಮಗಳು ಇಂಡಿಯನ್ ಸ್ಕೂಲಿನಲ್ಲಿ ಎರಡನೇ ಕ್ಲಾಸು. ಅವಳು ಟ್ಯಾಬ್ಲೆಟ್ ನೋಡಿ ನಗುವುದನ್ನು ಕಂಡಿದ್ದೇನೆ. ಯಾವುದಕ್ಕೆ ನಗುತ್ತಾಳೋ ನನಗೆ ತಿಳಿಯುವುದಿಲ್ಲ. ನಾನು ನಕ್ಕದ್ದಕ್ಕೆ ಅವಳೂ ಒಮ್ಮೆ ನಗಬೇಕು ಎನ್ನುವುದೊಂದು ಆಸೆ ನನಗೆ ಹತ್ತಿಕೊಂಡಿತು. ಹುಡುಕಿದಾಗ ಇಂಟರ್ನೆಟ್ಟಿನಲ್ಲಿ ಆ ಬೊಂಬೆಯಾಟದ ಒಂದು ತುಣುಕು ಸಿಕ್ಕಿತು. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಕತ್ತೆ ಪ್ರಶ್ನೆ ಕೇಳಿತು. ಕಾಗೆ ಅಲ್ಲಾಡದೆ ನಿಂತಿತು.

"ಪಪ್ಪ, ಇಟ್ಸ್ ಸ್ಟಕ್."

"ಸ್ಟಕ್ ಅಲ್ಲ ಮಗಾ, ಕಾಗೆ ಯೋಚನೆ ಮಾಡ್ತಾ ಇದೆ."

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕನಿಕರದಿಂದ ನನ್ನ ಭುಜ ತಟ್ಟಿದಳು. "ಪಪ್ಪ, ವೈಫೈ ಆಫ್ ಮಾಡಿ ಆನ್ ಮಾಡು."

ಕಾಗೆಯ ಅಳತೆ

ತೆರೆಯ ಮೇಲಿನ ಬೊಂಬೆ ಸಾಲದು, ಎದುರಿಗೇ ಆಡಿಸಿ ತೋರಿಸಬೇಕು ಎಂದು ನಿಶ್ಚಯಿಸಿದೆ. ಪಕ್ಕದ ಅಲ್ ಖೌದ್‌ನಲ್ಲಿ ನಮ್ಮೂರ ಕಡೆಯವರು ಸೇರುವ ಒಂದು ಕೂಟದಲ್ಲಿ ಮಕ್ಕಳಿಗಾಗಿ ಆಟ ಎಂದಾಯಿತು. ಬೂದು ಬಣ್ಣದ ಕಾಲುಚೀಲಕ್ಕೆ ಕಿವಿ ಹೊಲಿದು ಕತ್ತೆಯನ್ನು ಹೆಂಡತಿ ಮಾಡಿಕೊಟ್ಟಳು. ಕಾಗೆಗಾಗಿ ಸೀಬ್ ಸೂಕ್ ಎನ್ನುವ ಪೇಟೆಯ ದರ್ಜಿಯ ಹತ್ತಿರ ಹೋದೆ. ಲಾಹೋರಿನ ಕಡೆಯ ಮುದುಕ, ಜೀವನವಿಡೀ ಒಮಾನಿಗಳ ನಿಲುವಂಗಿ ಹೊಲಿದವನು.

ಕಪ್ಪು ಬಟ್ಟೆ ತೋರಿಸಿದೆ. ಯಾರಿಗೆ ಎಂದು ಹಿಂದಿಯಲ್ಲಿ ಕೇಳಿದ. ಕಾಗೆಗೆ ಎಂದೆ. ಅವನು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಟೇಪು ಕೊರಳಿಗೆ ಹಾಕಿಕೊಂಡ. "ಹಾಗಾದರೆ ಅಳತೆಗೆ ಕರೆದುಕೊಂಡು ಬನ್ನಿ ಸಾಬ್."

ನಾನು ಕೈ ಚಾಚಿ, ಇದೇ ಕಾಗೆ, ಇದರ ಅಳತೆ ತೆಗೆದುಕೋ ಎಂದೆ. ಕೊಕ್ಕು ಹೇಗಿರಬೇಕು, ರೆಕ್ಕೆ ಎಷ್ಟಿರಬೇಕು ಎಲ್ಲ ಖಡಕ್ಕಾಗಿ ವಿವರಿಸಿದೆ. ಸಿದ್ಧವಾದ ಕಾಗೆಯನ್ನು ತರಲು ಹೋದಾಗ ನೋಡಿದರೆ, ಹೊಲಿಗೆಯಲ್ಲಿ ಒಂದು ದೋಷವೂ ಇರಲಿಲ್ಲ. ಆದರೆ ಕಾಗೆಯ ಎದೆಗೆ ಜೇಬು ಇತ್ತು.

"ಇದು ಯಾಕೆ?"

"ಜೇಬಿಲ್ಲದ್ದನ್ನು ಹೊಲಿದುಕೊಟ್ಟರೆ ನಮ್ಮ ಅಂಗಡಿಯ ಹೆಸರು ಹಾಳು, ಸಾಬ್."

ಆಟ

ಕತ್ತೆ ನಾನು. ಕಾಗೆ, ಅಲ್ ಖೌದ್‌ನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನಮ್ಮ ಬಂಟ್ವಾಳದ ಬ್ಯಾರಿ ಗೆಳೆಯರೊಬ್ಬರು. ನಾನು ಅವರನ್ನು ಕೂರಿಸಿ ತಾಲೀಮು ಮಾಡಿಸಿದ್ದೆ. ಒಂದೇ ನಿಯಮ: ನಮ್ಮ ಬಾಯಿ ಆಡಿದಾಗಲೆಲ್ಲ ಬೊಂಬೆಯ ಬಾಯಿಯೂ ಆಡಬೇಕು. ಯೋಚಿಸದೆ ಕೈ ತಾನಾಗಿ ಆಡುವವರೆಗೂ ಬಿಡಲಿಲ್ಲ. "ನೀವು ಮಾಸ್ಟ್ರಾಗಬೇಕಿತ್ತು ಮಾರಾಯ್ರೆ," ಎಂದು ಅವರು ಬೆವರು ಒರೆಸಿಕೊಂಡಿದ್ದರು.

ಮೇಜಿಗೆ ಬೆಡ್‌ಶೀಟ್ ಕಟ್ಟಿ ಹಿಂದೆ ಕೂತೆವು. ಕತ್ತೆ ಮೊದಲ ಪ್ರಶ್ನೆ ಕೇಳಿತು. ಒಂದು ಮಗುವೂ ನಗಲಿಲ್ಲ. ಶೀಟಿನ ಸಂದಿಯಿಂದ ಮಗಳನ್ನು ನೋಡಿದೆ, ಆಕಳಿಸುತ್ತಿದ್ದಳು.

ಅಷ್ಟರಲ್ಲಿ ಗೆಳೆಯರ ಮೊಬೈಲು ಹೊಡೆದುಕೊಂಡಿತು. ಗಿರಾಕಿ. ಅವರು ಎಡಗೈಯಲ್ಲಿ ಎತ್ತಿದರು. ಬಲಗೈ ತಾಲೀಮು ಮರೆಯಲಿಲ್ಲ. ಮೇಲೆ ಕಾಗೆ ಕೊಕ್ಕು ತೆರೆದು ಪಾತ್ರೆ ನಾಳೆ ಸಿಗುತ್ತದೆ ಎಂದು ಅರಬಿಯಲ್ಲಿ ಶುರುಮಾಡಿತು: "ಅಸ್ಸಲಾಮು ಅಲೈಕುಂ! ಐವಾ, ಐವಾ… ಬುಕ್ರಾ, ಇನ್‌ಶಾ ಅಲ್ಲಾಹ್… ಖಲಾಸ್, ಖಲಾಸ್!"

ಮಕ್ಕಳು ಎದ್ದು ಕೂತರು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರೀ ಇದು? ಇದು ಸ್ಟೇಜೋ ನಿಮ್ಮ ಅಂಗಡಿಯೋ? ಶಿಸ್ತು ಅನ್ನೋದು ಒಂದು ಬೇಡವಾ? ಒಪ್ಪಿಕೊಂಡ ಮೇಲೆ ಕೆಲಸ ಸರಿಯಾಗಿ ಮಾಡಬೇಕು, ಇಲ್ಲದಿದ್ದರೆ ಒಪ್ಪಿಕೊಳ್ಳಬಾರದು!"

"ಮೆಲ್ಲ ಮಾರಾಯ್ರೆ," ಎಂದಿತು ಕಾಗೆ. "ನಿಮ್ಮ ಕೈ ಒಮ್ಮೆ ನೋಡಿ."

ನೋಡಿದೆ. ಮೇಲೆ ಕತ್ತೆ ಕಿವಿಯೆರಡನ್ನೂ ಕುಣಿಸುತ್ತಾ ನನ್ನ ಪ್ರವಚನವನ್ನು ಅಕ್ಷರಶಃ ಒಪ್ಪಿಸಿ ಮುಗಿಸಿತ್ತು. ಮುಂದಿನ ಸಾಲಿನಿಂದ ಒಂದು ಕಿರುಚು: "ಮಮ್ಮೀ! ಕತ್ತೆ ಸೇಮ್ ಪಪ್ಪ!" ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳುತ್ತಿದ್ದಳು.

ಬರೆದಿಟ್ಟ ಸಂಭಾಷಣೆ ಅಲ್ಲಿಗೇ ನಿಂತಿತು. ಕತ್ತೆ ಬೈಯುತ್ತಾ ಹೋಯಿತು, ಕಾಗೆ ಪಾತ್ರೆ ಮಾರುತ್ತಾ ಹೋಯಿತು.

ಈಗ ಮನೆಯಲ್ಲಿ ಹೋಂವರ್ಕಿನ ವಿಷಯಕ್ಕೆ ನಾನು ದನಿ ಎತ್ತಿದರೆ ಸಾಕು, ಮಗಳು ಓಡಿಹೋಗಿ ಬೊಂಬೆ ತಂದು ಮುಂದೆ ಹಿಡಿಯುತ್ತಾಳೆ. "ಪಪ್ಪ, ಫಸ್ಟ್ ಕತ್ತೆ ಹಾಕ್ಕೋ, ಆಮೇಲೆ ಬೈ."

ಅಡುಗೆಮನೆಯಿಂದ ನನ್ನ ಹೆಂಡತಿ ಹೇಳುತ್ತಾಳೆ: "ಹಾಕ್ಕೊಳ್ಳದಿದ್ರೂ ಅಂಥಾ ವ್ಯತ್ಯಾಸ ಏನಿಲ್ಲ, ಮಗಾ."